ಗಂಡನ ಹೆಸರಿನ ಬಿ.ಎ.

ನನ್ನ ಗಂಡ ಬಿ.ಎ. ಪಾಸಾದದ್ದು ನನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ. ಅವರ ವಯಸ್ಸು ಆಗ ಎಷ್ಟಿತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಏಕೆಂದರೆ ಓದಿದವಳು ನಾನು. ಅವರಿಗೆ ಬಹುವಚನ ಹಚ್ಚುತ್ತಿರುವುದೂ ಗೌರವದಿಂದಲ್ಲ, ರೂಢಿಯಿಂದ. ಈ ಸಂಗತಿ ನೆನಪಾದಾಗಲೆಲ್ಲ ನನಗೆ ಸಿಟ್ಟಿಗಿಂತ ಮೊದಲು ಹೇಸಿಗೆಯಾಗುತ್ತದೆ. ಸಿಟ್ಟು ಒಂದು ಹೊತ್ತಿನ ಊಟ ಬಿಟ್ಟರೆ ಇಳಿಯುತ್ತದೆ. ಹೇಸಿಗೆ ಹಾಗಲ್ಲ, ಅದು ನಾಲಿಗೆಯ ಮೇಲೆ ಉಳಿದುಬಿಡುತ್ತದೆ. ಅದರಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಬನಹಟ್ಟಿಯವಳು. ನಮ್ಮ ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿದ್ದವು. ಅಪ್ಪ ಮಗ್ಗ ನಡೆಸುತ್ತಿದ್ದ, ಅವ್ವ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ ನೂಲು ಸುತ್ತಿ ತುಂಬುವುದೇ ಕಂಡಿಕೆ ಸುತ್ತುವ ಕೆಲಸ. ಅವಳು ಸುತ್ತದಿದ್ದರೆ ಮಗ್ಗ ನಿಲ್ಲುತ್ತಿತ್ತು. ಆದರೂ ನೇಯುವವನು ಅಪ್ಪ, ಸೀರೆ ಅಪ್ಪನದು, ವ್ಯಾಪಾರಸ್ಥರ ಅಂಗಡಿಯ ಲೆಕ್ಕದ ವಹಿಯಲ್ಲಿದ್ದ ಹೆಸರೂ ಅಪ್ಪನದು. ಯಾರಾದರೂ ಅವ್ವನನ್ನು, "ಏನ್ ಕೆಲಸ ಮಾಡ್ತೀಯವಾ?" ಎಂದು ಕೇಳಿದರೆ, "ನಂದೇನೈತ್ರಿ, ಮನ್ಯಾಗ ಇರ್ತೀನಿ," ಎನ್ನುತ್ತಿದ್ದಳು. ಹೇಳುವಾಗ ಕೈ ಮಾತ್ರ ರಾಟಿಯ ಮೇಲೆಯೇ ಇರುತ್ತಿತ್ತು. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಹೀಗೆಯೇ ಇದ್ದುದರಿಂದ ಅದರಲ್ಲಿ ತಪ್ಪಿದೆ ಎಂದು ನನಗೆ ಹೊಳೆದಿರಲಿಲ್ಲ.

ಜಮಖಂಡಿಯ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಮುಗಿಸುವಷ್ಟರಲ್ಲಿ ಲಗ್ನ ನಿಶ್ಚಯವಾಯಿತು. "ಮುಂದ ಓದಸ್ತೀರೇನ್ರಿ?" ಎಂದು ಅಪ್ಪ ಕೇಳಿದಾಗ ಗಂಡಿನ ಕಡೆಯವರು ಹೂಂ ಎಂದರು. ಬಾಯಲ್ಲಿ ಶಿರಾ ಇದ್ದಾಗ ಹೂಂ ಎನ್ನುವುದು ಬಲು ಸುಲಭ. ಅವರದು ಬೀಳಗಿ ತಾಲೂಕಿನ ಒಂದು ಹಳ್ಳಿ. ಊರು ಆಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಜಮಖಂಡಿಗೆ ಬಂದು ಮನೆ ಮಾಡಿದ್ದರು. ಮಾವ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಗಂಡ, ನಾನು, ಆಮೇಲೆ ಹುಟ್ಟಿದ ಮಗಳು. ಗಂಡ ಪಿಯುಸಿ ಓದಿ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಮದುವೆಯಾಗಿ ಒಂಬತ್ತು ವರ್ಷ ನನ್ನ ಓದಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಎತ್ತಿದ್ದು ಹುನ್ನೂರಿನ ಒಬ್ಬರು, ಅದೂ ನನ್ನ ಓದಿನ ಸುದ್ದಿಯಲ್ಲ. ಅವರು ಕಾರ್ಖಾನೆಯಲ್ಲಿ ನನ್ನ ಗಂಡನ ಜೊತೆಗಾರರು. ಒಂದು ರವಿವಾರ ಬಂದು ಪಡಸಾಲೆಯಲ್ಲಿ ಕೂತು ಚೂಡಾ ತಿನ್ನುತ್ತ, ಆಫೀಸಿನ ಮೇಲ್ವಿಚಾರಕರ ಜಾಗ ಖಾಲಿಯಾಗಲಿದೆ, ಯಾವುದಾದರೂ ಒಂದು ಡಿಗ್ರಿ ಇದ್ದವರಿಗೆ ಮಾತ್ರ ಅದು ಸಿಗುತ್ತದೆ ಎಂದರು.

"ಈಗೇನು ಕಾಲೇಜಿಗೆ ಹೋಗಿ ಕುಂಡ್ರಾಕ ಆಗ್ತೈತೇನ್ರಿ?" ಎಂದರು ನನ್ನ ಗಂಡ.

"ಕಾಲೇಜ್ ಯಾಕ? ಆನ್‌ಲೈನ್ ಮಾಡ್ರಿ. ಹಾಜರಿ ಇಲ್ಲ, ರಜಾ ಹಾಕೂದಿಲ್ಲ. ಪರೀಕ್ಷಾ ಸುದ್ದಾ ಮನ್ಯಾಗ. ಯಾರು ಬಂದು ನೋಡ್ತಾರ?"

ಆ ಕೊನೆಯ ಮಾತಿಗೆ ನನ್ನ ಗಂಡನ ಮುಖ ಅರಳಿತು. ಮನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದನ್ನು ಶುರು ಮಾಡಲು, ಆರಿಸಲು ನನಗೊಬ್ಬಳಿಗೇ ಬರುತ್ತಿತ್ತು. ದೂರದ ಯಾವುದೋ ವಿಶ್ವವಿದ್ಯಾಲಯದ ಪುಟ ತೆಗೆಸಿದರು. ಸೇರುವ ಮೊದಲು ಹತ್ತು ಪ್ರಶ್ನೆಗಳಿದ್ದವು. ಆನ್‌ಲೈನ್ ಓದು ನಿಮಗೆ ಹೊಂದುತ್ತದೆಯೋ ಇಲ್ಲವೋ ಎಂದು ನೀವೇ ತಿಳಿದುಕೊಳ್ಳಿ ಎಂದು ಮೇಲೆ ಬರೆದಿತ್ತು. ನಾನು ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಕೇಳಿದೆ.

"ದಿನಾ ಎರಡು ತಾಸು ಓದಾಕ ತಗದಿಡ್ತೀರೇನು ಅಂತ ಕೇಳ್ಯಾರ."

"ನನಗೆಲ್ಲಿ ಟೈಮ್ ಐತಿ? ನಿನಗ ಮಧ್ಯಾಹ್ನ ಖಾಲಿ ಇರ್ತೈತಲ್ಲ. ಹೌದು ಅಂತ ಒತ್ತು."

"ಇಂಗ್ಲಿಷ್ ಪಾಠ ಓದಿ ತಿಳ್ಕೋತೀರೇನು?"

"ನಿನಗ ಬರ್ತೈತಿ. ಒತ್ತು."

"ಯಾರೂ ಹೇಳದಿದ್ರೂ ನಿಮ್ಮಷ್ಟಕ್ಕ ನೀವು ಕುಂತು ಓದ್ತೀರೇನು?"

ಹುನ್ನೂರಿನವರೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಇದನ್ನಂತೂ ಇಕಿಗೇ ಕೇಳ್ಯಾರ ನೋಡ್ರಿ," ಎಂದರು ಗಂಡ. ಹತ್ತು ಪ್ರಶ್ನೆಗೂ ಹೌದು ಬಿತ್ತು. ಹತ್ತೂ ನನ್ನವು. ಆನ್‌ಲೈನ್ ಪದವಿ ನಿಮಗೆ ಹೇಳಿ ಮಾಡಿಸಿದಂತಿದೆ, ಅಭಿನಂದನೆಗಳು ಎಂದು ಪರದೆಯ ಮೇಲೆ ಬಂತು. ಕೆಳಗೆ ಹೆಸರು ಬರೆಯುವ ಜಾಗದಲ್ಲಿ ಗಂಡನ ಹೆಸರು ಬರೆದೆ.

ಬರೆಯುವ ಮುನ್ನ ಒಂದು ಮಾತು ಕೇಳಿದ್ದೆ. "ಹೆಂಗೂ ಓದಾಕಿ ನಾನಽ. ಇದರ ಜೋಡಿ ನನ್ನ ಹೆಸರೂ ಹಚ್ಚಿದರ ಹೆಂಗ್ರಿ?"

ಉತ್ತರ ಬಂದದ್ದು ಗಂಡನಿಂದಲ್ಲ, ಒಳಗೆ ಜೋಳ ಹಸನು ಮಾಡುತ್ತಿದ್ದ ಅತ್ತೆಯಿಂದ. "ಒಂದು ಮನ್ಯಾಗ ಎರಡೆರಡು ಯಾಕ ಬೇ? ಕಂಡಿಕಿ ಸುತ್ತಿದಾಕಿ ಹೆಸರು ಸೀರಿ ಮ್ಯಾಲ ಬರೀತಾರೇನು? ನೀ ಬನಹಟ್ಟಿಯಾಕಿ, ನಿನಗ ನಾ ಹೇಳಬೇಕಾ?"

ಆಗ ನನಗೆ ಮೈ ಉರಿಯಬೇಕಿತ್ತು. ಉರಿಯಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತೆಯ ಮಾತು ನನಗೆ ಸರಿ ಎನಿಸಿತು. ಹುಟ್ಟಿದಾಗಿನಿಂದ ನೋಡಿದ ಲೆಕ್ಕವೇ ಅದು. ಹೆಂಗಸು ಸುತ್ತಿಕೊಡುತ್ತಾಳೆ, ಗಂಡಸು ನೇಯುತ್ತಾನೆ. ಓದಿಗೂ ಅದೇ ಲೆಕ್ಕ ಹಚ್ಚಿ, ನಾನು ಓದಿಕೊಟ್ಟರೆ ಅವರು ಪಾಸಾಗುತ್ತಾರೆ ಎಂದುಕೊಂಡೆ. ನೂಲು ಕೈಯಿಂದ ಕೈಗೆ ದಾಟುತ್ತದೆ, ಓದು ಹಾಗೆ ದಾಟುವುದಿಲ್ಲ ಎಂಬಷ್ಟು ಸಣ್ಣ ವಿಷಯ ಮನೆಯ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೇಗಾದರೂ ಸರಿ, ಮನೆಗೆ ಪುಸ್ತಕ ಬರುತ್ತವಲ್ಲ ಎಂಬ ಆಸೆ ನನ್ನನ್ನು ಕುರುಡು ಮಾಡಿತ್ತು.

ಮೂರು ವರ್ಷ ಓದಿದೆ. ಚೆನ್ನಾಗಿ ಓದಿದೆ. ಆನ್‌ಲೈನ್ ಓದನ್ನು ಹಳಿಯುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಪಾಠಗಳಲ್ಲಿ ತಪ್ಪಿರಲಿಲ್ಲ. ರೊಟ್ಟಿ ಬಡಿದು, ಪಾತ್ರೆ ತೊಳೆದು, ಮಗಳನ್ನು ಸಾಲೆಗೆ ಕಳಿಸಿ, ಕರೆಂಟು ಇದ್ದರೆ ಹನ್ನೆರಡಕ್ಕೆ ಕೂರುತ್ತಿದ್ದೆ. ಕರೆಂಟು ಹೋದರೆ ಬರೆದಿಟ್ಟುಕೊಂಡದ್ದನ್ನು ಬಾಗಿಲ ಬೆಳಕಿನಲ್ಲಿ ಓದುತ್ತಿದ್ದೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಪಾಠ ಇಂಗ್ಲಿಷಿನಲ್ಲಿ, ಉತ್ತರ ಕನ್ನಡದಲ್ಲಿ ಬರೆದರೂ ನಡೆಯುತ್ತಿತ್ತು. ತಿಳಿಯದ ಪಾಠವನ್ನು ನಿಲ್ಲಿಸಿ ಮತ್ತೆ ಹಿಂದಕ್ಕೆ ಹೋಗಿ ಕೇಳಬಹುದಿತ್ತು. ಕಾಲೇಜಿನಲ್ಲಿ ಹಾಗೆ ಮೇಷ್ಟ್ರನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಆ ಎರಡು ತಾಸು ನಾನು ಯಾರ ಹೆಂಡತಿಯೂ ಅಲ್ಲ ಎನಿಸುತ್ತಿತ್ತು. ಆದರೆ ಪರದೆಯ ಮೂಲೆಯಲ್ಲಿ ಗಂಡನ ಚಿತ್ರ ಕೂತಿರುತ್ತಿತ್ತು, ತಲೆಗೆ ಎಣ್ಣೆ ಹಚ್ಚಿ ಓರೆ ಬೈತಲೆ ತೆಗೆದದ್ದು.

ಎರಡನೆಯ ವರ್ಷ ಸಮಾಜಶಾಸ್ತ್ರಕ್ಕೆ ಒಂದು ಪ್ರಬಂಧ ಕೇಳಿದರು. ಮನೆಯೊಳಗೆ ಕೆಲಸ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಸ್ವಂತ ಅನುಭವದಿಂದ ಬರೆಯಬೇಕಿತ್ತು. ನಾನು ಅವ್ವನ ಮೇಲೆ ಬರೆದೆ. ಮಗ್ಗದ ಸದ್ದಿಗೆ ಕಿವಿ ಮಂದವಾದದ್ದು, ನೂಲಿನ ಧೂಳಿಗೆ ಕೆಮ್ಮು ಹಿಡಿದದ್ದು, ತೋರುಬೆರಳಿನ ಮೇಲೆ ನೂಲು ಕೊರೆದ ಗೆರೆ, "ಮನ್ಯಾಗ ಇರ್ತೀನಿ" ಎಂಬ ಅವಳ ಉತ್ತರ, ಎಲ್ಲ ಬರೆದೆ. ಬರೆಯುತ್ತ ಬರೆಯುತ್ತ ಮೊದಲ ಸಲ ಅವ್ವನಿಗೆ ಅನ್ಯಾಯವಾಗಿದೆ ಎಂದು ಅನಿಸಿ ಕಣ್ಣು ತುಂಬಿತು. ಕೊನೆಗೆ ಗಂಡನ ಹೆಸರು ಹಾಕಿ ಕಳಿಸಿದೆ.

ವಾರದೊಳಗೆ ಪಾಠ ಮಾಡುವ ಮೇಡಂ ಉತ್ತರ ಬರೆದರು. 'ಸರ್, ತುಂಬಾ ಒಳ್ಳೆಯ ಬರಹ. ಹೆಣ್ಣಿನ ದುಡಿಮೆಯನ್ನು ಇಷ್ಟು ಹತ್ತಿರದಿಂದ ನೋಡುವ ಗಂಡಸರು ಅಪರೂಪ.' ಆ 'ಸರ್' ಅನ್ನು ನಾನು ಎರಡು ಸಲ ಓದಿದೆ. ಸಂಜೆ ಗಂಡನಿಗೆ ಓದಿ ತೋರಿಸಿದೆ. ಅವರು ಮೀಸೆಯ ಮೇಲೆ ಕೈಯಾಡಿಸಿಕೊಂಡು, "ಹೂಂ, ಚಲೋ ಬರದಾರ," ಎಂದರು.

ಮೂರನೆಯ ವರ್ಷ ಮುಗಿಯುವಾಗ ಕ್ಯಾಮೆರಾ ಎದುರು ಬಾಯಿ ಪರೀಕ್ಷೆ ಇತ್ತು. ಗಂಡನೇ ಕೂರಬೇಕು, ಬೇರೆ ದಾರಿಯಿಲ್ಲ. ಅವರು ಕೂತರು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ. ನಾನು ಟೇಬಲ್ಲಿನ ಕೆಳಗೆ ಮಂಡಿ ಮಡಿಸಿ ಕೂತೆ, ತೊಡೆಯ ಮೇಲೆ ಮಗಳ ಪಾಟಿ, ಕೈಯಲ್ಲಿ ಬಳಪ. ಅವರ ಪಾದ ನನ್ನ ಮೂಗಿನಿಂದ ಗೇಣು ದೂರ. ಕಾರ್ಖಾನೆಯ ಬೂಟಿನಿಂದ ಆಗಷ್ಟೇ ಹೊರಬಂದಿದ್ದ ಆ ಪಾದದ ನಾತಕ್ಕೆ ನನಗೆ ಓಕರಿಕೆ ಬರುತ್ತಿತ್ತು. ಮೇಲಿನಿಂದ ಮೇಡಂ ದನಿ ಕೇಳಿಸಿತು.

"ಸರ್, ನಿಮ್ಮ ಪ್ರಬಂಧ ನನಗೆ ಇನ್ನೂ ನೆನಪಿದೆ. ನಿಮ್ಮ ತಾಯಿ ದಿನಕ್ಕೆ ಎಷ್ಟು ಹೊತ್ತು ಕಂಡಿಕೆ ಸುತ್ತುತ್ತಿದ್ದರು?"

ಗಂಡ ಕೆಮ್ಮಿ ಕೆಳಗೆ ಬಗ್ಗಿದರು. ನಾನು ಪಾಟಿ ಎತ್ತಿ ಹಿಡಿದೆ.

"ಮುಂಜಾನಿಂದ ಸಂಜೀತನಾ ಮೇಡಂ," ಎಂದರು.

"ಅವರಿಗೆ ಅದರಿಂದ ಏನು ಸಿಕ್ಕಿತು ಅಂತ ನಿಮಗನ್ನಿಸುತ್ತೆ?"

ನಾನು ಬರೆದೆ. ಅವರು ಓದಿದರು. "ಏನೂ ಸಿಗಲಿಲ್ರಿ ಮೇಡಂ. ಹೆಸರು ಸುದ್ದಾ ಸಿಗಲಿಲ್ಲ." ಓದುವಾಗ ಅವರ ದನಿ ಗದ್ಗದವಾಯಿತು. ನಾನು ಕೆಳಗಿನಿಂದ ನೋಡಿದೆ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇಡೀ ಜನ್ಮದಲ್ಲಿ ಅವರ ತಾಯಿ ಒಂದು ಕಂಡಿಕೆ ಮುಟ್ಟಿದವಳಲ್ಲ. ನನ್ನ ಅವ್ವನ ಕೆಮ್ಮು, ನನ್ನ ಅವ್ವನ ಬೆರಳು, ನನ್ನ ಕಣ್ಣೀರು, ಎಲ್ಲವನ್ನೂ ಆ ಮನುಷ್ಯ ಲುಂಗಿ ಉಟ್ಟು ಕೂತು ನುಂಗಿಬಿಟ್ಟಿದ್ದ. ಪಾಟಿ ಎಸೆದು ಎದ್ದು ನಿಲ್ಲಬೇಕೆನಿಸಿತು. ಎದ್ದರೆ ತಲೆಗೆ ಟೇಬಲ್ಲು ಬಡಿಯುತ್ತಿತ್ತು. ಕೂತೇ ಇದ್ದೆ, ಮುಂದಿನ ಉತ್ತರವನ್ನೂ ಬರೆದೆ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಆ ಟೇಬಲ್ಲಿನ ಕೆಳಗೆ.

ಮೊದಲ ದರ್ಜೆಯಲ್ಲಿ ಪಾಸಾದರು. ಬಡ್ತಿಯೂ ಸಿಕ್ಕಿತು. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಓಣಿಗೆಲ್ಲ ಪೇಢೆ ಹಂಚಿದವಳು ನಾನು. ಹೋದ ಮನೆಯಲ್ಲೆಲ್ಲ, "ಮನಿ, ಕೆಲಸ, ಎಲ್ಲಾ ನಿಭಾಯಿಸಿ ಓದ್ಯಾರ ನೋಡ," ಎಂದು ಹೊಗಳಿದರು. ಅದು ನಿಜವಾಗಿತ್ತು, ಅವರು ತೋರಿಸುತ್ತಿದ್ದ ಮನುಷ್ಯ ಮಾತ್ರ ಬೇರೆ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ರವಿವಾರಗಳಂದು ಜನ ಅವರ ಸಲಹೆ ಕೇಳಲು ಬರತೊಡಗಿದರು. ಬ್ಯಾಂಕಿನ ಜವಾನ, ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್, ರಬಕವಿಯಿಂದ ಒಬ್ಬ ನೂಲಿನ ವ್ಯಾಪಾರಿಯ ಅಳಿಯ. ಆನ್‌ಲೈನ್ ಡಿಗ್ರಿ ನಮಗೆ ಆಗಿಬರುತ್ತದೋ ಇಲ್ಲವೋ ಎಂಬುದೇ ಎಲ್ಲರ ಪ್ರಶ್ನೆ. ನನ್ನ ಗಂಡ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಹೇಳುತ್ತಿದ್ದರು. "ಎಲ್ಲಾರಿಗೂ ಆಗಿ ಬರೂದಿಲ್ಲ ನೋಡ್ರಿ. ಶಿಸ್ತು ಬೇಕು. ಮುಂಜಾನಿ ನಾಲ್ಕಕ್ಕ ಏಳಬೇಕು. ನಾ ಏಳ್ತಿದ್ದೆ." ಆ ಮೂರು ವರ್ಷ ಅವರು ಏಳೂವರೆಯ ತನಕ ಗೊರಕೆ ಹೊಡೆದದ್ದು ನಮ್ಮ ಗೋಡೆಗಳಿಗೆ ಗೊತ್ತು. ಮೊದಮೊದಲು ಹೀಗೆ ಹೇಳುವಾಗ ನನ್ನತ್ತ ಕಳ್ಳನೋಟ ಬೀರುತ್ತಿದ್ದರು. ಆಮೇಲೆ ಆ ನೋಟವೂ ನಿಂತಿತು. ಒಂದು ದಿನ ಚಹಾದ ಬಟ್ಟಲು ಇಡುತ್ತ ಅವರ ಮುಖ ನೋಡಿದೆ. ಅಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ತಾನೇ ಓದಿದ್ದೇನೆ ಎಂದು ಆ ಮನುಷ್ಯ ಖರೆ ಖರೆ ನಂಬಿಬಿಟ್ಟಿದ್ದ. ನನಗೆ ಅದು ಸುಳ್ಳಿಗಿಂತ ಹೊಲಸೆನಿಸಿತು.

ಅದೇ ಸುಮಾರಿಗೆ ತವರಿಗೆ ಹೋದಾಗ ನನ್ನ ಹಳೆಯ ಗೆಳತಿ ಸಿಕ್ಕಳು. ಬನಹಟ್ಟಿಯ ಒಂದು ಖಾಸಗಿ ಸಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದಳು. ಸಮಾಜ ವಿಜ್ಞಾನಕ್ಕೆ ಯಾರೂ ಸಿಗುತ್ತಿಲ್ಲ ಎಂದಳು. ಅಲ್ಲೇ ನಿಂತು ಅದೂ ಇದೂ ಮಾತಾಡಿದೆವು. ನಾನು ಮಾತಾಡಿದ್ದು ಕೇಳಿ ಅವಳಿಗೆ ಆಶ್ಚರ್ಯವಾಯಿತು.

"ಎಷ್ಟು ತಿಳ್ಕೊಂಡೀಯಲೇ! ನೀನಽ ಬಂದುಬಿಡು. ಡಿಗ್ರಿ ಐತೇನು?"

"ಮನ್ಯಾಗ ಐತಿ," ಎಂದೆ.

"ಯಾರದು?"

ಬಸ್ಸಿನಲ್ಲಿ ಜಮಖಂಡಿ ತಲುಪುವ ತನಕ ಆ ಪ್ರಶ್ನೆ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಮೂರು ವರ್ಷದ ಓದು ತಲೆಯೊಳಗಿತ್ತು, ಅದನ್ನು ಕಲಿಸಲು ಒಂದು ಕೋಣೆಯಿತ್ತು, ಕೇಳಲು ಮಕ್ಕಳು ಕಾಯುತ್ತಿದ್ದರು. ನಡುವೆ ಬೇಕಾಗಿದ್ದುದು ನನ್ನ ಹೆಸರಿನ ಒಂದು ಹಾಳೆ.

ಮನೆಗೆ ಬಂದು ರೊಟ್ಟಿಗೆ ಹಿಟ್ಟು ನಾದುತ್ತ, ನನಗೂ ಡಿಗ್ರಿ ಬೇಕು ಎಂದೆ. ಗಂಡ ನಿಜವಾಗಿಯೂ ಗೊಂದಲಕ್ಕೆ ಬಿದ್ದವರಂತೆ ನನ್ನನ್ನು ನೋಡಿದರು. "ಮತ್ತ ಅದನ್ನಽ ಯಾಕ ಓದ್ತಿ? ಎಲ್ಲಾ ಓದಿದ್ದೈತೆಲ್ಲ ನಿಂದು."

ಬಾಯಿ ತಪ್ಪಿ ಬಂದ ಆ ನಿಜ ಅವರಿಗೇ ಕೇಳಿಸಲಿಲ್ಲ, ಮರುಕ್ಷಣ ಉದಾರಿಯಾದರು. "ಇರಲಿ, ಮಾಡು. ಆನ್‌ಲೈನ್ ಮಾಡು, ಮನ್ಯಾಗ ಕುಂತು ಆಗ್ತೈತಿ. ನಾ ಹೇಳಿಕೊಡ್ತೀನಿ."

ನಾ ಹೇಳಿಕೊಡ್ತೀನಿ! ಕೈಯಲ್ಲಿ ಹಿಟ್ಟಿತ್ತು, ಅದನ್ನು ಅವರ ಬಾಯಿಗೆ ಮೆತ್ತಬೇಕೆನಿಸಿತು.

ಮರುದಿನ ಮಧ್ಯಾಹ್ನ ಅದೇ ಪುಟ ತೆಗೆದು ಅದೇ ಹತ್ತು ಪ್ರಶ್ನೆಗಳ ಮುಂದೆ ಕೂತೆ. ಈ ಸಲ ಕೇಳುವವಳೂ ನಾನೇ, ಹೇಳುವವಳೂ ನಾನೇ. ದಿನಕ್ಕೆ ಎರಡು ತಾಸು? ಹೌದು. ಇಂಗ್ಲಿಷು? ಹೌದು. ಯಾರೂ ಹೇಳದಿದ್ದರೂ ಓದುತ್ತೀರಾ? ಅದಕ್ಕಂತೂ ಹೌದು. ಹತ್ತಕ್ಕೆ ಹತ್ತೂ ಹೊಂದುತ್ತಿದ್ದವು. ಆದರೂ ಬೆರಳು ಮುಂದಕ್ಕೆ ಹೋಗಲಿಲ್ಲ. ಓದುವವರು ಯಾರೆಂದು ನಿಮ್ಮ ಮನೆಯಲ್ಲಿ ಒಪ್ಪುತ್ತಾರೆಯೇ ಎಂಬ ಪ್ರಶ್ನೆಯನ್ನು ಆ ಹತ್ತರಲ್ಲಿ ಯಾರೂ ಕೇಳಿರಲಿಲ್ಲ. ಈ ಕುರ್ಚಿಯಲ್ಲಿ, ಈ ಟೇಬಲ್ಲಿನ ಮೇಲೆ ನಾನು ಎಷ್ಟು ಓದಿದರೂ, ನಾಳೆ ಪಡಸಾಲೆಯಲ್ಲಿ ಕೂತು ಅವರು, "ನಾನಽ ಬರದುಕೊಟ್ಟೆ," ಎಂದರೆ ಜಮಖಂಡಿಯಲ್ಲಿ ನಂಬದವರು ಯಾರೂ ಇರಲಿಲ್ಲ. ಬೇರೆ ಹೆಂಗಸರಿಗೆ ಮನೆಯಲ್ಲಿ ಕೂತು ಓದುವುದು ವರವಾಗಿರಬಹುದು. ನನಗೆ ಮನೆಯ ಹೊರಗೆ, ನಾಲ್ಕು ಜನರ ಕಣ್ಣೆದುರು ಕೂತು ಬರೆಯುವುದು ಬೇಕಾಗಿತ್ತು. ಪುಟ ಮುಚ್ಚಿದೆ. ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಬಾಹ್ಯ ವಿದ್ಯಾರ್ಥಿಯಾಗಿ ಫಾರ್ಮು ತುಂಬಿದೆ.

ಮತ್ತೆ ಮೊದಲಿನಿಂದ ಮೂರು ವರ್ಷ. ಪರೀಕ್ಷೆಯ ಮೊದಲ ದಿನ ಕೋಣೆಯ ಬಾಗಿಲಲ್ಲಿ ಮೇಲ್ವಿಚಾರಕರು ಹಾಲ್ ಟಿಕೆಟ್ಟಿನ ಮೇಲಿನ ನನ್ನ ಚಿತ್ರ ನೋಡಿದರು, ಮುಖ ನೋಡಿದರು, ಮತ್ತೆ ಚಿತ್ರ ನೋಡಿದರು. ಚಿತ್ರದಲ್ಲಿ ಸ್ವಲ್ಪ ದಪ್ಪಗಿದ್ದೆ.

"ನೀವಽ ಏನ್ರಿ ಇದು?"

"ನಾನಽ ರೀ," ಎಂದೆ. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ, ಮುಂದಿನ ಬೆಂಚಿನ ಹುಡುಗಿಯರು ತಿರುಗಿ ನೋಡಿದರು. ಕೋಣೆಯೊಳಗೆ ಅರ್ಧ ಗಂಟೆಯಲ್ಲೇ ಸೆರಗಿನಿಂದ, ಕಾಲುಚೀಲದಿಂದ ಚೀಟಿಗಳು ಹೊರಬಂದವು. ಪಕ್ಕದವನೊಬ್ಬ ಬರೆದು ಮುಗಿಸಿದ ಚೀಟಿಯನ್ನು ನನ್ನತ್ತ ಜರುಗಿಸಿ, "ತಗೋರಿ ಅಕ್ಕಾರ, ಸಂಕೋಚ ಮಾಡಬ್ಯಾಡ್ರಿ," ಎಂದ. ಬೆವರಿಗೆ ಮೆತ್ತಗಾಗಿದ್ದ ಆ ಚೀಟಿಯನ್ನು ಪೆನ್ನಿನ ತುದಿಯಿಂದ ಕೆಳಗೆ ತಳ್ಳಿದೆ. ಕಳ್ಳತನಕ್ಕೆ ಕಂಪ್ಯೂಟರೇ ಬೇಕೆಂದೇನಿಲ್ಲ ಎಂದು ಅವತ್ತು ತಿಳಿಯಿತು. ಆದರೂ ನನ್ನ ಹಾಳೆಯ ಮೇಲೆ ನನ್ನ ಸಹಿ ಇತ್ತು.

ಮೂರು ವರ್ಷವೂ ಹೀಗೆಯೇ ಬರೆದು ಪಾಸಾದೆ. ಗೆಳತಿಯ ಸಾಲೆಯಲ್ಲಿ ಕೆಲಸ ಸಿಕ್ಕಿತು. ಆ ವರ್ಷ ನಮ್ಮ ಸಮಾಜದವರು ಜಮಖಂಡಿಯ ಮಂಗಲ ಕಾರ್ಯಾಲಯದಲ್ಲಿ ಓದಿದವರಿಗೆ ಸತ್ಕಾರ ಇಟ್ಟುಕೊಂಡರು. ನನ್ನ ಹೆಸರಿದೆ, ಬರಬೇಕು ಎಂದು ಹೇಳಿಕಳಿಸಿದರು. ಹೊಸ ಸೀರೆ ಉಟ್ಟು ಗಂಡನ ಜೊತೆ ಹೋದೆ. ವೇದಿಕೆಗೆ ಕರೆದಾಗ ಇಬ್ಬರನ್ನೂ ಕರೆದರು. ಅಧ್ಯಕ್ಷರು ಶಾಲು ಬಿಚ್ಚಿ ನನ್ನ ಗಂಡನಿಗೆ ಹೊದಿಸಿದರು. ನನ್ನ ಕೈಗೆ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ ಕೊಟ್ಟರು.

"ಲಗ್ನಾದ ಮ್ಯಾಲ ಹೆಂಡತೀನ್ನ ಓದಿಸಿ ಡಿಗ್ರಿ ಕೊಡಿಸಿದ ದೊಡ್ಡ ಮನಸ್ಸಿನ ಮನುಷ್ಯ ಇವರು," ಎಂದು ಅಧ್ಯಕ್ಷರು ಮೈಕಿನಲ್ಲಿ ಸಾರಿದರು. ಚಪ್ಪಾಳೆ ಬಿತ್ತು. ಗಂಡ ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿದರು. ನಾನು ಕಾಯಿಯನ್ನು ಅವುಚಿ ಹಿಡಿದೆ.

"ತಾಯೀ, ನೀವೂ ಒಂದೆರಡು ಮಾತಾಡ್ರಿ," ಎಂದು ಮೈಕು ನನ್ನ ಮುಂದೆ ಹಿಡಿದರು.

"ನಮ್ಮ ಮನ್ಯಾಗ ಎರಡು ಬಿ.ಎ. ಅದಾವ್ರಿ," ಎಂದೆ. "ಒಂದು ಇವರ ಹೆಸರಿಲೆ, ಒಂದು ನನ್ನ ಹೆಸರಿಲೆ. ಎರಡೂ ಓದಿ ಪಾಸು ಮಾಡಿದಾಕಿ ನಾನು."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಅವರ ಹಿಂದೆ ಇಡೀ ಸಭೆ ನಕ್ಕಿತು. ಅಧ್ಯಕ್ಷರು ಮೈಕು ತೆಗೆದುಕೊಂಡು, "ಓದಿದ ಹೆಣ್ಮಕ್ಕಳು ಎಷ್ಟು ಚಂದ ಚ್ಯಾಷ್ಟಿ ಮಾಡ್ತಾರ ನೋಡ್ರಿ," ಎಂದರು.

"ಚ್ಯಾಷ್ಟಿ ಅಲ್ರಿ," ಎಂದೆ. ನಗು ಇನ್ನಷ್ಟು ಏರಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನನ್ನ ಗಂಡ. ಹೆಗಲಿನಿಂದ ಜಾರಿದ ಶಾಲನ್ನು ಸರಿ ಮಾಡಿಕೊಳ್ಳುತ್ತ, ನನ್ನತ್ತ ತಿರುಗಿ ಮನಸಾರೆ ಚಪ್ಪಾಳೆ ತಟ್ಟುತ್ತಿದ್ದರು.